ನವರದೇವನ ಗಾಡಿ

ಸಾಂಗಲಿ–ಮಿರಜ ರಸ್ತೆಯ ನಟ್ಟನಡುವೆ, ಕಾಲೇಜು ಹುಡುಗರೂ ಹಾಲಿನ ಗಾಡಿಗಳೂ ಒಟ್ಟಿಗೇ ನುಗ್ಗುವ ಹೊತ್ತಿನಲ್ಲಿ, ಕುಂದಾಬಾಯಿಯ ಹಳೇ ಟೆಂಪೋಗೆ ಗಾಲಿಗಳು ಸಾಲದೆ ಒಂದು ಕಾಲೂ ಮೂಡಿತು. ಕರ್ರನೆಯ ದಪ್ಪ ಕಾಲು, ತುದಿಗೆ ಗೊರಸು. ಟೆಂಪೋದ ತಳದ ತಗಡು ವರ್ಷಗಟ್ಟಲೆ ಕೋಣದ ಉಚ್ಚೆ ಕುಡಿದು ಹಪ್ಪಳವಾಗಿತ್ತು. ಆ ದಿನ ಅದು ಹರಿದೇ ಹೋಯಿತು. ಮೇಲೆ ನಿಂತಿದ್ದ ಕೋಣದ ಹಿಂಗಾಲು ತೂತಿನಿಂದ ಕೆಳಗಿಳಿದು ಗಾಳಿಯಲ್ಲಿ ಒದೆಯತೊಡಗಿತು. ಹಿಂದಿನ ಸ್ಕೂಟರಿನವನು ಅದನ್ನು ನೋಡಿ ಕಬ್ಬಿನ ಹಾಲಿನ ಅಂಗಡಿಯೊಳಕ್ಕೇ ಗಾಡಿ ಹೊಡೆದ.

ಕುಂದಾಬಾಯಿ ಟೆಂಪೋ ನಿಲ್ಲಿಸಿದಳು. ಪಕ್ಕದಲ್ಲಿದ್ದ ಗಂಡ ಮಲ್ಲಿಕಾರ್ಜುನ ಮಾಸ್ತರರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವರು ಬಂದದ್ದು ಕನ್ನಡಕದ ಅಂಗಡಿಗೆ. ಹೆಂಡತಿಯ ಗಾಡಿ ಹೇಗೂ ಅತ್ತ ಹೊರಟಿತ್ತು, ಬಸ್ಸಿನ ನೂಕುನುಗ್ಗಲು ತಪ್ಪೀತು ಅಂತ ಏರಿದ್ದರು. ಈಗ ಅದಕ್ಕೆ ಪಶ್ಚಾತ್ತಾಪ ಪಡುತ್ತಿದ್ದರು.

ಟ್ರಾಫಿಕ್ ಪೋಲೀಸ ಬಂದು, ಜೋತಾಡುವ ಕಾಲನ್ನು ಬಗ್ಗಿ ನೋಡಿ, ಇದೇನು ಅಂತ ಮರಾಠಿಯಲ್ಲಿ ಕೇಳಿದ: "ಹೇ ಕಾಯ್ ಆಹೇ?"

"ನವರದೇವ ಆಹೇ, ಸಾಹೇಬ," ಅಂದಳು ಕುಂದಾಬಾಯಿ.

ನವರದೇವ ಅಂದರೆ ಮರಾಠಿಯಲ್ಲಿ ಮದುಮಗ. ಕೋಣದ ಹೆಸರೂ ಅದೇ, ಕಸುಬೂ ಅದೇ. ಮಿರಜ ತಾಲೂಕಿನಲ್ಲಿ ಯಾರ ಎಮ್ಮೆ ಬೆದೆಗೆ ಬಂದು, ದನದ ಡಾಕ್ಟರರ ಗಬ್ಬದ ಸೂಜಿಯಿಂದ ಕೆಲಸ ಆಗದೆ ಹೋದರೂ, ಅವರು ಕುಂದಾಬಾಯಿಗೆ ಫೋನು ಹಚ್ಚುತ್ತಿದ್ದರು. ಆಕೆ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ನವರದೇವನನ್ನು ಟೆಂಪೋಗೆ ಹತ್ತಿಸಿ, ಮದುಮಗನ ತಾಯಿಯ ಠೀವಿಯಲ್ಲಿ ಹೊರಡುತ್ತಿದ್ದಳು. ಎಮ್ಮೆ ಗಬ್ಬವಾಯಿತೆಂದು ತಿಂಗಳ ಮೇಲೆ ಪೇಢೆ ಬರುತ್ತಿತ್ತು. ಆ ಪೇಢೆಯನ್ನು ಮಾಸ್ತರರೂ ತಿನ್ನುತ್ತಿದ್ದರು. ಆದರೆ ಯಾವುದಕ್ಕೆ ಬಂದ ಪೇಢೆ ಅಂತ ಯಾರಾದರೂ ಕೇಳಿದರೆ, "ನಮ್ಮ ಮನಿಯವರು ಪಶುಪಾಲನಾ ಸಲ್ಲಾಗಾರರು," ಅನ್ನುತ್ತಿದ್ದರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದ ಮನುಷ್ಯ. ಲಿಂಗ, ವಚನ, ವಿಭಕ್ತಿ ಎಲ್ಲಾ ಬಾಯಿಪಾಠ. ಅದರೊಳಗಿನ ಮೊದಲನೆಯದನ್ನೇ ಹೆಂಡತಿ ಕಸುಬು ಮಾಡಿಕೊಂಡದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು.

ಕೋಣದ ಕಾಲಿಗೆ ತರಚಿದ ಗಾಯವಷ್ಟೇ. ಅರಿಶಿಣ ಎಣ್ಣೆ ಹಚ್ಚಿದ್ದಾಯಿತು. ಟೆಂಪೋ ಮಾತ್ರ ಗುಜರಿಗೆ ಹೋಯಿತು. ಹೊಸ ಗಾಡಿ ಬೇಕೇ ಬೇಕು ಅಂತ ಕುಂದಾಬಾಯಿ ಸಾರಿದಳು. ಸಾರಿದ್ದೇ ತಡ, ಮನೆ ಎರಡು ಪಕ್ಷವಾಯಿತು.

ಮೊದಲ ಪಕ್ಷ ಅಳಿಯ ಸಾರಂಗನದು. ಸಾಂಗಲಿಯಲ್ಲಿ ಅವನದು ಟೈಲ್ಸ್ ಅಂಗಡಿ. ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ ಕೇಳಿದವನು, ಆದರೆ ಆಡಲು ಹೋದರೆ ಅರ್ಧ ದಾರಿಗೆ ಮರಾಠಿ ಬಂದು ಕೈ ಹಿಡಿಯುತ್ತಿತ್ತು. ಅವನು ಬಂದು, ಚಹಾ ಕುಡಿದು, ಫೋನಿನಲ್ಲಿ ದೊಡ್ಡ ಪಿಕಪ್ಪಿನ ಚಿತ್ರ ತೋರಿಸಿದ. ಅದು ಗಾಡಿಯೋ ಗುಡ್ಡವೋ ಅನ್ನುವ ಹಾಗಿತ್ತು.

"ಆಯಿ, ಘ್ಯಾಯಚಂ ತರ ಮೋಠಂಚ್! ತಗೊಂಡ್ರ ದೊಡ್ಡದ ತಗೋರಿ. ನಾಕೂ ಗಾಲಿ ತಿರಗತಾವ. ಕೆಸರು, ಕಲ್ಲು, ಹಳ್ಳ, ಕಾಹೀಚ್ ಲೆಕ್ಕ ಇಲ್ಲ. ಸಣ್ಣದು ಅಂದ್ರ ಭಾಜಿಪಾಲ್ಯಾ ಮಾರೋರದು."

ಎರಡನೆಯ ಪಕ್ಷ ಮಾಸ್ತರರದು. "ಸಣ್ಣದ ಸಾಕು ಕುಂದಾ. ತಾಡಪತ್ರಿ ಹೊಚ್ಚಿದ್ರ ಒಳಗ ಏನೈತಿ ಅಂತ ಯಾರಿಗೂ ತಿಳಿಯೂದಿಲ್ಲ."

"ಕೋಣ ಏನ ಕಳವಿನ ಮಾಲೇನ್ರಿ ಮುಚ್ಚಿಡಾಕ?" ಅಂದಳು ಕುಂದಾಬಾಯಿ. ಆಮೇಲೆ ಅಳಿಯನ ಕಡೆ ತಿರುಗಿ ದನಿ ಇಳಿಸಿದಳು. ಅಳಿಯನ ಮಾತು ತೆಗೆದುಹಾಕುವಂತಿಲ್ಲ. ಮಗಳು ಕೇತಕಿ ಅವನ ಮನೆಯಲ್ಲಿ ಬಾಳಬೇಕು. "ಜಾವಯಿಬಾಪು, ನೀವು ಹೇಳೂದು ಖರೇನ. ಮಾವನವರು ಹೇಳೂದೂ ಖರೇನ. ಹತ್ತಿ ಅಡ್ಡಾಡಾಂವ ನವರದೇವ. ಅವಂಗ ಎರಡೂ ಹತ್ತಿಸಿ ನೋಡೂಣು. ಅಂವ ಏನಂತಾನೋ ಅದ ಆಗಲಿ."

ಹೀಗೆ ನಿರ್ಣಯ ಕೋಣದ ಕೈಗೆ ಹೋಯಿತು.

ಕುಪವಾಡದಲ್ಲಿ ಕಾರಖಾನೆಗಳ ಸಾಲಿನ ಹಿಂದೆ ಅಮರ ಎಂಬವನ ಹಳೇ ಗಾಡಿಗಳ ಅಂಗಳ. ಅವನ ಬಳಿ ಎರಡೂ ಇದ್ದವು. ದೊಡ್ಡದು ಕೆಂಪು, ಎತ್ತರ, ಅಗಲ, ಮೂತಿ ಸೊಟ್ಟ ಮಾಡಿಕೊಂಡ ಮಾವನ ಹಾಗೆ ನಿಂತಿತ್ತು. ಸಣ್ಣದು ಬಿಳಿ, ಇದ್ದಷ್ಟೇ ಇತ್ತು. ಅಮರ ಕೈಮುಗಿದು, ಕುರ್ಚಿ ಹಾಕಿಸಿ, ಎರಡರ ಗುಣಗಾನವನ್ನೂ ಒಂದೇ ಉಸಿರಿಗೆ ಮಾಡಿದ. ಒಂದು ದಿನದ ಮಟ್ಟಿಗೆ ಓಡಿಸಿ ನೋಡಲು ಒಪ್ಪಿದ. ಏನು ಹೇರುತ್ತೀರಿ ಅಂತ ಕೇಳಿದ ಮೇಲೆ ಮಾತ್ರ ಅವನ ಮುಖದ ಬಣ್ಣ ಇಳಿಯಿತು.

"ಕೋಣ? ಜಿವಂತ?"

"ಸತ್ತದ್ದನ್ನ ಕಟಗೊಂಡ ಯಾ ಎಮ್ಮಿ ಏನ ಮಾಡತೈತೋ ತಮ್ಮಾ?" ಅಂದಳು ಕುಂದಾಬಾಯಿ.

ಅಷ್ಟರಲ್ಲಿ ಆಕೆಯ ಫೋನು ಬಂತು. ಸಲಗರೆಯ ದಾದಾಸಾಹೇಬ. ಅವನ ಮುರ್ರಾ ಎಮ್ಮೆ ಬೆಳಗಿನಿಂದ ಒದರುತ್ತಿದೆ, ಹಗ್ಗ ಕಡಿಯುತ್ತಿದೆ, ಈ ಸಲವೂ ತಪ್ಪಿದರೆ ಮತ್ತೆ ಕಾಯಬೇಕು, ಸಂಜೆಯೊಳಗೆ ಬರಲೇಬೇಕು. ಪರೀಕ್ಷೆಗೆ ಊರು ತಾನಾಗಿ ಸಿಕ್ಕಿತು. ಮಾಸ್ತರರು ಮಾತ್ರ ಕುರ್ಚಿಯಿಂದ ಎದ್ದು ನಿಂತರು. ಅವರು ವರ್ಷಾನುಗಟ್ಟಲೆ ಪಾಠ ಹೇಳಿದ ಊರೇ ಸಲಗರೆ.

"ನಾ ಬರೂದಿಲ್ಲ," ಅಂದರು.

"ಬ್ಯಾಡ್ರಿ. ಸಣ್ಣ ಗಾಡ್ಯಾಗ ಅಮರನ ಬಾಜೂಕ ಕುಂತ ಅದರ ಗುಣ ನೋಡಾವ್ರು ಯಾರ? ನಿಮ್ಮ ಪಕ್ಷದಾವ್ರು ನೀವ ಒಬ್ಬರ," ಅಂದಳು ಆಕೆ. ಮಾಸ್ತರರು ಹತ್ತಿದರು. ಊರ ಹೊರಗೇ ಗಾಡಿಯಲ್ಲಿ ಕೂತುಬಿಡುವುದು ಅಂತ ಮನಸ್ಸಿನಲ್ಲೇ ನಿಶ್ಚಯಿಸಿದರು.

ಎರಡೂ ಗಾಡಿಗಳನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ನವರದೇವ ದೊಡ್ಡ ಗಾಡಿಯನ್ನು ಒಮ್ಮೆ ಮೂಸಿ, ಹಲಗೆಯ ಮೇಲಿಂದ ರಾಜಗಾಂಭೀರ್ಯದಿಂದ ಏರಿದ. ಸಾರಂಗ ಗಾಡಿ ಓಡಿಸಲು ಕೂತ, ಪಕ್ಕಕ್ಕೆ ಕುಂದಾಬಾಯಿ. ಹತ್ತಿಸಿ ಇಳಿಸುವ ಹಲಗೆಯನ್ನು ಹೇರಿಕೊಂಡು ಸಣ್ಣ ಗಾಡಿ ಹಿಂದೆ ಹೊರಟಿತು. ಅದರಲ್ಲಿ ಅಮರ, ಮಾಸ್ತರರು.

ಡಾಂಬರು ರಸ್ತೆ ಇರುವವರೆಗೂ ದೊಡ್ಡದರದೇ ದರ್ಬಾರು. ಕೋಣ ಅಲುಗಲಿಲ್ಲ, ಗಾಡಿ ತೂಗಲಿಲ್ಲ. ಹಿಂದಿನಿಂದ ನೋಡುತ್ತಿದ್ದ ಮಾಸ್ತರರಿಗೆ ಕಾಣುತ್ತಿದ್ದದ್ದು ನವರದೇವನ ಹಿಂಭಾಗ ಒಂದೇ. ಅದೂ ನೆಮ್ಮದಿಯಾಗಿಯೇ ಇತ್ತು.

"ನಿಮ್ಮ ಜಾವಯಿಗೆ ಆ ಕೆಂಪ ಗಾಡಿ ಮ್ಯಾಲ ಭಾಳ ಜೀವ ಐತ್ರಿ ಸರ್," ಅಂದ ಅಮರ. "ಹೋದ ತಿಂಗಳ ದೋಸ್ತರನ ಕರಕೊಂಡ ಬಂದಿದ್ರು. ಅದರ ಟಪ್ಪಿನ ಮ್ಯಾಲ ಹತ್ತಿ ಫೋಟೋ ಹೊಡಕೊಂಡ್ರು. ರವಿವಾರ ದಂಡೋಬಾ ಗುಡ್ಡದ ಕಡೆ ಗಾಡಿ ಹತ್ತಿಸೂ ಒಂದು ಗ್ರೂಪ್ ಐತಂತ. ಎಲ್ಲಾರದೂ ಗಾಡಿ ಅದಾವು, ಇವರದ ಇಲ್ಲ."

ಮಾಸ್ತರರಿಗೆ ಒಳಗೊಳಗೇ ಖುಷಿಯಾಯಿತು. ತಮ್ಮ ಪಕ್ಷಕ್ಕೆ ಒಂದು ಅಸ್ತ್ರ ಸಿಕ್ಕಿತು. ಅಳಿಯನಿಗೆ ಗುಡ್ಡ ಹತ್ತಬೇಕು, ಅತ್ತೆಯ ಹೆಗಲ ಮೇಲಿಂದ.

ಸಲಗರೆ ಹತ್ತಿರ ಬಂದಾಗ ಡಾಂಬರು ಬಿಟ್ಟು ದಾದಾಸಾಹೇಬನ ತೋಟದ ದಾರಿಗೆ ತಿರುಗಬೇಕಾಯಿತು. ಹಿಂದಿನ ದಿನ ಮಳೆ ಬಿದ್ದಿತ್ತು. ಕರಿಮಣ್ಣು ಗಾಲಿಗೆ ಅಂಟಿಕೊಂಡು ರೊಟ್ಟಿಯಾಗುತ್ತಿತ್ತು. ದೊಡ್ಡ ಗಾಡಿ ಅದಕ್ಕೆ ಸೊಪ್ಪು ಹಾಕದೆ ಗುರ್ರೆಂದು ನುಗ್ಗಿತು. ಸಾರಂಗ ಕಿಟಕಿಯಿಂದ ಕೈ ಹೊರಹಾಕಿ ಹೆಬ್ಬೆರಳು ತೋರಿಸಿದ. ಮುಂದೆ ಒಂದು ತಿರುವು. ತಿರುವಿನಲ್ಲಿ ಬಲಕ್ಕೆ ಕಲ್ಲಿನ ಗೋಡೆ, ಗೋಡೆಯ ಮೇಲೆ ಜಾಲಿಮುಳ್ಳಿನ ಬೇಲಿ. ಎಡಕ್ಕೆ ದಪ್ಪ ಬೇವಿನ ಮರ. ಎತ್ತಿನ ಗಾಡಿ ಬಿಟ್ಟರೆ ಬೇರೆ ಏನೂ ಹೋಗಬಾರದೆಂದೇ ಹಿರಿಯರು ಮಾಡಿದ ದಾರಿ.

"ಥಾಂಬಾ, ಜಾವಯಿಬಾಪು, ನಿಲ್ಲಸ್ರಿ!" ಅಂತ ಕುಂದಾಬಾಯಿ ಕೂಗಿದ್ದು ಹಿಂದಿನ ಗಾಡಿಗೂ ಕೇಳಿಸಿತು. ಅದರ ಹಿಂದೆಯೇ ಕರ್ರ್ ಅಂತ ಒಂದು ಸದ್ದು. ಅಮರ ಎದೆ ಹಿಡಿದುಕೊಂಡ. ಗಾಡಿ ಮರಕ್ಕೂ ಗೋಡೆಗೂ ನಡುವೆ ಬಿರಡೆಯಂತೆ ಕೂತಿತ್ತು. ಮುಂದೂ ಇಲ್ಲ, ಹಿಂದೂ ಇಲ್ಲ. ಎಡ ಬಾಗಿಲಿಗೆ ಮರ, ಬಲ ಬಾಗಿಲಿಗೆ ಗೋಡೆ. ಸಾರಂಗನ ಕಿಟಕಿಯೊಳಕ್ಕೆ ಮುಳ್ಳು ಬಂದಿತ್ತು. ಕುಂದಾಬಾಯಿ ತನ್ನ ಕಿಟಕಿಯಿಂದ ಹೊರಬರಲು ನೋಡಿದಳು. ತಲೆ, ಭುಜ ಬಂದವು. ಉಳಿದದ್ದು ಬರಲು ಒಪ್ಪಲಿಲ್ಲ.

ಅದೇ ಹೊತ್ತಿಗೆ ಗಾಳಿ ತೋಟದ ಕಡೆಯಿಂದ ಬೀಸಿತು. ನವರದೇವ ಮೂಗು ಮೇಲೆತ್ತಿದ. ತುಟಿ ಸುರುಳಿ ಮಾಡಿದ. ಆಮೇಲೆ ಹೊಟ್ಟೆಯ ತಳದಿಂದ ಒಂದು ಕೂಗು ಹಾಕಿದ. ತೋಟದಿಂದ ಎಮ್ಮೆ ಉತ್ತರ ಕೊಟ್ಟಿತು. ಅಷ್ಟು ದೊಡ್ಡ ಗಾಡಿ ತೊಟ್ಟಿಲಿನಂತೆ ತೂಗತೊಡಗಿತು.

"ರಿವರ್ಸ್ ಘೇತೋ ಆಯಿ!" ಅಂದ ಸಾರಂಗ.

"ಅಂವ ಮ್ಯಾಲ ಕುಣಿಯಾಕತ್ಯಾನು, ನೀವು ಹಿಂದ ಜಗ್ಗಿದ್ರ ಕಾಲ ಮುರದೀತು! ಮೊದಲ ಅವನ್ನ ಇಳಸಬೇಕು." ಕುಂದಾಬಾಯಿ ಕಿಟಕಿಯಿಂದ ಹಿಂದಕ್ಕೆ ಕತ್ತು ತಿರುಗಿಸಿ ಕೂಗಿದಳು. "ರೀ! ಹಲಗಿ ಹಚ್ಚರಿ!"

ಮಾಸ್ತರರು ಅಮರನನ್ನು ನೋಡಿದರು. ಅಮರ ಹಲಗೆಯನ್ನೇನೋ ಹಚ್ಚಿದ. ಹಚ್ಚಿದವನೇ ಓಡಿಹೋಗಿ ತನ್ನ ಗಾಡಿಯ ಟಪ್ಪಿನ ಮೇಲೆ ಹತ್ತಿ ಕೂತ. "ಸರ್, ನನಗ ಗಾಡಿ ಮಾರೂದಷ್ಟ ಗೊತ್ತು," ಅಂದ ಅಲ್ಲಿಂದ.

ಹೀಗೆ ಉಳಿದವರು ಮಾಸ್ತರರು. ಮನೆಗೆ ಆ ಕೋಣ ಕರುವಾಗಿ ಬಂದಾಗಿನಿಂದ ಇಂದಿನವರೆಗೆ ಅದರ ಹಗ್ಗವನ್ನು ಅವರು ಮುಟ್ಟಿರಲಿಲ್ಲ. ಹಿತ್ತಲಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಕುಂದಾಬಾಯಿ ಕ್ಯಾಬಿನ್ನಿನ ಹಿಂದಿನ ಸಣ್ಣ ಕಿಟಕಿಯಿಂದ ಕೈ ಹಾಕಿ ಗಂಟು ಬಿಚ್ಚಿ, ಹಗ್ಗದ ತುದಿಯನ್ನು ಗಂಡನ ಕಡೆ ಎಸೆದಳು.

"ಹಗ್ಗ ಜಗ್ಗಬ್ಯಾಡ್ರಿ. ಹೆಸರ ಹಿಡದ ಕರೀರಿ. ಕನ್ನಡ ತಿಳಿತೈತಿ ಅವಂಗ."

ಮಾಸ್ತರರು ಗಂಟಲು ಸರಿಪಡಿಸಿಕೊಂಡರು. ಹೆದರಿಕೆಯಲ್ಲಿ ಏಕವಚನ ನಾಲಿಗೆಗೆ ಬರಲೇ ಇಲ್ಲ. "ನವರದೇವ ಅವರ... ಬರ್ರಿ. ಸಾವಕಾಶ ಇಳೀರಿ," ಅಂದರು.

ನವರದೇವ ತಿರುಗಿ ನೋಡಿದ. ಅಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಮಾತಾಡಿಸಿರಲಿಲ್ಲ. ಅವನು ಹಲಗೆಯ ಮೇಲೆ ಕಾಲಿಟ್ಟು, ಇಳಿದು, ಗೋಡೆಯ ಒಡಕಿನಿಂದ ಹೊಲಕ್ಕೆ ನುಗ್ಗಿ ಹೊರಟ. ಹಗ್ಗ ಮಾಸ್ತರರ ಕೈಯಲ್ಲಿತ್ತು. ಆದ್ದರಿಂದ ಮಾಸ್ತರರೂ ಹೊರಟರು.

ಎಮ್ಮೆ ಇದ್ದದ್ದು ತೋಟದಲ್ಲಿ. ಆದರೆ ಹೊಲದ ದಾರಿ ಹಿಡಿದ ನವರದೇವನಿಗೆ ಊರ ಮುಂದಿನ ಕಟ್ಟೆಯನ್ನು ಬಳಸಿಯೇ ಹೋಗಬೇಕಾಯಿತು. ಕಟ್ಟೆಯ ಮೇಲೆ ಮಾಸ್ತರರ ಶಿಷ್ಯರೆಲ್ಲಾ ಕೂತಿದ್ದರು. ಈಗ ಮೀಸೆ ಬಂದು, ಕೆಲವರಿಗೆ ನೆರೆತೂ ಹೋದ ಶಿಷ್ಯರು. ಅವರ ಮುಂದೆ ಕೋಣ ದಡದಡ ಓಡಿತು. ಹಿಂದೆ ಧೋತರ ಒಂದು ಕೈಯಲ್ಲಿ, ಹಗ್ಗ ಒಂದು ಕೈಯಲ್ಲಿ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ, ಮಾಸ್ತರರು ಓಡಿದರು. ಶಿಷ್ಯರು ಅಭ್ಯಾಸಬಲದಿಂದ ಎದ್ದು ನಿಂತರು.

"ನಮಸ್ಕಾರ್ರಿ ಸರ್! ಯಾರ ಮನಿಗಿ?"

ಪಶುಪಾಲನೆ, ಸಲ್ಲಾ ಅಂತ ಏನೋ ಹೇಳಬೇಕೆಂದು ಬಾಯಿ ತೆರೆದರು. ಉಸಿರು ಸಾಲಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು:

"ದಾದಾಸಾಹೇಬನ ಎಮ್ಮಿಗೋ!"

"ಹೋಗ್ರಿ ಹೋಗ್ರಿ, ಹೊತ್ತ ಮಾಡಬ್ಯಾಡ್ರಿ!" ಅಂದರು ಶಿಷ್ಯರು. ಯಾರೂ ನಗಲಿಲ್ಲ. ಒಬ್ಬ ಓಡಿಬಂದು ಕಳಚಿದ ಚಪ್ಪಲಿ ಎತ್ತಿಕೊಂಡ. ಇನ್ನೊಬ್ಬ ಮುಂದೆ ಓಡಿ ತೋಟದ ಬಾಗಿಲು ತೆರೆದ. ಈ ಊರಿನಲ್ಲಿ ಎಮ್ಮೆ ಗಬ್ಬವಾಗುವುದೆಂದರೆ ಮನೆಗೆ ಹಾಲು ಬರುವ ಮಾತು, ಅದರಲ್ಲಿ ನಗುವುದಕ್ಕೇನಿದೆ ಅಂತ ಮಾಸ್ತರರಿಗೆ ಓಡುತ್ತಲೇ ಹೊಳೆಯಿತು. ಇಷ್ಟು ವರ್ಷ ನಾಚಿಕೆಪಟ್ಟದ್ದು ದಂಡವಾಯಿತಲ್ಲ ಅಂತ ಸಿಟ್ಟೂ ಬಂತು. ನಿಲ್ಲುವಂತಿರಲಿಲ್ಲ, ಹಾಗಾಗಿ ಆ ಸಿಟ್ಟನ್ನೂ ಓಡುತ್ತಲೇ ಮಾಡಿಕೊಂಡರು.

ತೋಟದಲ್ಲಿ ಆಗಬೇಕಾದದ್ದು ಆಯಿತು. ನವರದೇವ ಪೀಠಿಕೆಗೆ ಹೊತ್ತು ಕಳೆಯುವವನಲ್ಲ. ಮಾಸ್ತರರು ಮೊದಲು ಕಣ್ಣು ಮುಚ್ಚಿಕೊಂಡರು, ಆಮೇಲೆ ಒಂದು ಕಣ್ಣು ತೆರೆದರು. ದಾದಾಸಾಹೇಬನ ತಾಯಿ ಸರುಬಾಯಿ, ಹಲ್ಲಿಲ್ಲದ ಮುದುಕಿ, ಕೋಣವನ್ನೂ ಮಾಸ್ತರರನ್ನೂ ನೋಡಿ ಹೇಳಿದಳು:

"ಮಾಸ್ತರ, ನನ್ನ ಮಗಗ ನಾಕ ವರ್ಸ ಕಾಗುಣಿತ ಕಲಿಸಿದ್ರಿ, ಬರಲಿಲ್ಲ. ಇವಂಗ ಯಾರ ಕಲಿಸಿದ್ರೋ, ಒಂದ ಸಲಕ್ಕ ಬಂತು."

ಮಾಸ್ತರರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಗೊರಕೆ ಹೊಡೆದ ಹಾಗೆ. ಹೊಟ್ಟೆ ಹಿಡಿದುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಚಹಾ ಬಂತು. ಎರಡು ಮನೆಯವರು ಬಂದು, ತಮ್ಮ ಎಮ್ಮೆಗಳ ಕಷ್ಟ ಹೇಳಿಕೊಂಡರು. ಮಾಸ್ತರರು ಗಂಭೀರವಾಗಿ ಕೇಳಿಸಿಕೊಂಡು, ಏನೂ ಗೊತ್ತಿಲ್ಲದಿದ್ದರೂ ತಲೆಯಾಡಿಸಿ, "ನಮ್ಮ ಮನಿಯವರನ್ನ ಕೇಳೂಣು," ಅಂದರು.

ಅಷ್ಟರಲ್ಲಿ ದಾದಾಸಾಹೇಬನ ಟ್ರ್ಯಾಕ್ಟರು ದೊಡ್ಡ ಗಾಡಿಯನ್ನು ಹಿಂದಕ್ಕೆ ಎಳೆದು ಬಿಡಿಸಿತ್ತು. ಎಡಗಡೆಯ ಕನ್ನಡಿ ಬೇವಿನ ಮರಕ್ಕೆ ಕಾಣಿಕೆಯಾಗಿತ್ತು. ಸಾರಂಗ ಮೈತುಂಬ ಮುಳ್ಳು ಚುಚ್ಚಿಸಿಕೊಂಡು, ಕೋಣ ಇಳಿಯಲು ತಿರುಗಿದಾಗ ಹಿಂದಿನ ಸಣ್ಣ ಕಿಟಕಿಯ ಮೂಲಕ ಸಿಡಿಸಿದ ಸೆಗಣಿಯನ್ನು ಕತ್ತಿನಿಂದ ಒರೆಸಿಕೊಳ್ಳುತ್ತ ನಿಂತಿದ್ದ.

"ಆಯಿ," ಅಂದ ಅವನು ಸಣ್ಣ ದನಿಯಲ್ಲಿ, "ಸಣ್ಣದ ಚಲೋ ದಿಸತೈತಿ."

"ಇನ್ನೂ ಅದರ ಪಾಳಿ ಆಗಿಲ್ಲಲ್ರಿ," ಅಂದಳು ಕುಂದಾಬಾಯಿ.

ವಾಪಸು ಬರುವಾಗ ನವರದೇವನನ್ನು ಸಣ್ಣ ಗಾಡಿಗೆ ಹತ್ತಿಸಿದರು. ಕುಂದಾಬಾಯಿ ತಾನೇ ಓಡಿಸಿದಳು, ಮಾಸ್ತರರು ಪಕ್ಕಕ್ಕೆ. ದೊಡ್ಡದನ್ನು ಅಮರ ಅಳಿಯನ ಕೈಯಿಂದ ಕಿತ್ತುಕೊಂಡಿದ್ದ. ಸಣ್ಣ ಗಾಡಿ ಬೇವಿನ ಮರದ ಪಕ್ಕದಲ್ಲಿ ಇಲಿಯಂತೆ ನುಸುಳಿತು, ಕೆಸರು ದಾಟಿತು, ಡಾಂಬರು ಮುಟ್ಟಿತು. ಮಾಸ್ತರರ ಪಕ್ಷ ಗೆದ್ದೇಬಿಟ್ಟಿತ್ತು.

ನವರದೇವ ಒಳ್ಳೆಯ ಮನಸ್ಥಿತಿಯಲ್ಲಿದ್ದ. ಮಿರಜ ಹತ್ತಿರ ರೇಲ್ವೆ ಸೇತುವೆ ಏರುವಾಗ ಎದುರಿಗೆ ಎಮ್ಮೆ ಹೇರಿಕೊಂಡ ಒಂದು ಲಾರಿ ಬಂತು. ಕೆಲಸ ಮುಗಿಸಿ ಬಂದವನು ಅಂತ ಅವನೇನೂ ಸುಮ್ಮನಿರಲಿಲ್ಲ. ಲಾರಿಯನ್ನು ಚೆನ್ನಾಗಿ ನೋಡಲು ಇಡೀ ಮೈಯನ್ನು ಬಲಕ್ಕೆ ವಾಲಿಸಿದ. ಗಾಡಿಯೂ ಬಲಕ್ಕೆ ವಾಲಿತು. ಎಡಗಡೆಯ ಗಾಲಿಗಳು ನೆಲ ಬಿಟ್ಟವೋ ಇಲ್ಲವೋ, ಮಾಸ್ತರರಂತೂ ಜಾರಿ ಹೆಂಡತಿಯ ಹೆಗಲಿಗೆ ಬಿದ್ದರು. ಅವರು ಕೂತಲ್ಲೇ ಹಿಂದಕ್ಕೆ ತಿರುಗಿ, ಶಾಲೆಯ ಮೈದಾನಕ್ಕೆ ಕೇಳುವ ದನಿಯಲ್ಲಿ ಗರ್ಜಿಸಿದರು:

"ಲೇ ನವರದೇವಾ! ನೆಟ್ಟಗ ನಿಂದರೋ ಹಲ್ಕಟ್ಟ!"

ನವರದೇವ ಬೆಚ್ಚಿ ನೆಟ್ಟಗೆ ನಿಂತ. ಗಾಡಿಯೂ ನೆಟ್ಟಗಾಯಿತು. ಕುಂದಾಬಾಯಿ ಸೇತುವೆ ಇಳಿದು, ರಸ್ತೆಯ ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಚಕ್ರದ ಮೇಲೆ ಹಣೆ ಇಟ್ಟಳು. ಮಾಸ್ತರರು ಆಕೆಯನ್ನು ಹಾಗೆ ನೋಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

"ದೊಡ್ಡದ ತಗೊ," ಅಂದರು.

"ಏನಂದ್ರಿ?"

"ದೊಡ್ಡ ಗಾಡಿ ತಗೊ. ಡಾಂಬರಿ ಮುಗಿಯೂ ತನಾ ನೀ ಹೊಡಿ. ಅಲ್ಲಿಂದ ಮುಂದ ಒಳಗಿನ ದಾರಿಗೆ ನಾ ನಡಿಸಿಕೊಂಡ ಹೋಗತೇನಿ."

"ಊರ ಮಂದಿ ಎದುರಿಗೆ? ನೀವು?"

"ಮಂದಿ ಎದ್ದ ನಿಂತ ನಮಸ್ಕಾರ ಮಾಡತಾರ. ನಿನಗೇನ ಗೊತ್ತು?" ಅಂದರು ಮಾಸ್ತರರು. ಆಕೆ ಅವರ ಮುಖ ನೋಡಿದಳು. ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡು ಗಾಡಿ ಚಾಲು ಮಾಡಿದಳು.

ಕೆಂಪು ಗಾಡಿ ಮನೆಗೆ ಬಂತು. ಕನ್ನಡಿಯ ವಿಷಯವಾಗಿ ಅಮರನೊಡನೆ ಬಿಸಿಬಿಸಿ ಮಾತಾಯಿತು, ಹೊಸದು ಹಾಕಿಸಿಕೊಟ್ಟ. ಈಗ ಸಾರಂಗನೇ ಬೇಡ ಅನ್ನುವ ಪಕ್ಷ. ಆದರೂ ಒಂದು ರವಿವಾರ ಆಸೆ ತಡೆಯದೆ ಬೇಡಿಕೊಂಡ. ತಳವನ್ನು ಅವನೇ ತೊಳೆಯಬೇಕು ಅಂತ ಕುಂದಾಬಾಯಿ ಷರತ್ತು ಹಾಕಿ, ಬೀಗದ ಕೈ ಕೊಟ್ಟಳು. ಅವನು ಅಂಗಡಿಯ ಫಿನಾಯಿಲು ಪೂರಾ ಸುರಿದು ತೊಳೆದು ದಂಡೋಬಾ ಕಡೆ ಹೋದ. ಬಿಸಿಲೇರಿದಾಗ ತಳದ ಸಂದುಗಳಿಂದ ನವರದೇವನ ವಾಸನೆ ಎದ್ದುಬಂತಂತೆ. ದೋಸ್ತರು ಗಾಡಿಯನ್ನು ವಾಸನೆ ಈ ಕಡೆ ಬೀಸದಂತೆ ದೂರ ನಿಲ್ಲಿಸು ಅಂದರಂತೆ. ಕೇತಕಿ ಫೋನಿನಲ್ಲಿ ನಗುತ್ತ ತಾಯಿಗೆ ಹೇಳಿದಳು. ಸಾರಂಗ ಮಾತ್ರ ಗುಡ್ಡದ ತುದಿಯವರೆಗೂ ಹತ್ತಿಸಿದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅದು ಸುಳ್ಳೇನೂ ಆಗಿರಲಿಲ್ಲ.

ಮೊನ್ನೆ ಮ್ಹೈಸಾಳದಿಂದ ಕರೆ ಬಂತು. ನದಿಯ ಹತ್ತಿರದ ತೋಟ, ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಬೈಕು ಹೋಗುವಷ್ಟು ದಾರಿ. ಕುಂದಾಬಾಯಿ ಗಾಡಿಯನ್ನು ಕಾಲುವೆಯ ಸೇತುವೆಯ ಬಳಿ ನಿಲ್ಲಿಸಿದಳು. ಮಾಸ್ತರರು ಧೋತರವನ್ನು ಬಿಗಿಯಾಗಿ ಕಚ್ಚೆ ಹಾಕಿಕೊಂಡು, ಹಗ್ಗ ಹಿಡಿದು, "ನಡೀರಿ ನವರದೇವರ," ಅಂತ ಹೊರಟರು. ಬಹುವಚನ ಮತ್ತೆ ಬಂದಿತ್ತು. ಈಗ ಅದು ಹೆದರಿಕೆಯದಲ್ಲ. ಕಬ್ಬಿನ ಒಳಗೆ ಇಬ್ಬರೂ ಮರೆಯಾದರು.

ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಕುಂದಾಬಾಯಿಗೆ ಗೊತ್ತು. ಅಷ್ಟು ಕಾದಳು. ಅದರ ಎರಡರಷ್ಟು ಕಾದಳು. ಕೊನೆಗೆ ತಾನೇ ಹೋಗಿ ನೋಡಿದಳು. ತೋಟದ ಮನೆಯ ಮುಂದೆ ನವರದೇವ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ. ಮಾಸ್ತರರು ಹೊರಸಿನ ಮೇಲೆ ಕಾಲು ಮಡಚಿ ಕೂತಿದ್ದರು. ಎದುರಿಗೆ ಏಳೆಂಟು ರೈತರು.

"ಎಮ್ಮಿ ಬೆದಿಗಿ ಬಂದದ್ದ ಹ್ಯಾಂಗ ತಿಳೀಬೇಕು? ಮೂರ ಲಕ್ಷಣ," ಅನ್ನುತ್ತಿದ್ದರು ಮಾಸ್ತರರು, ಬೆರಳು ಮಡಚುತ್ತ. "ಹಿಂದ ಕುಂತಾವ್ರು, ನೀವ ಮೊದಲನೇದ ಹೇಳ್ರಿ."

ಕುಂದಾಬಾಯಿ ಸೀರೆಯ ನೆರಿಗೆ ಎತ್ತಿಕೊಂಡು, ಹಿಂದಿನ ಸಾಲಿನಲ್ಲಿ ಹೋಗಿ ಕೂತಳು.